ಹಡಗು ಬಂತೇ, ಸ್ವಾಮಿ?

ಗುರುವಾರ ಸಂಜೆ ನಮ್ಮ ಮನೆಗೆ ಬರುವವರು ಒಂದು ಸಂಗತಿ ತಿಳಿದಿರಬೇಕು. ನಾಲ್ಕೂವರೆಯಿಂದ ಐದೂಕಾಲರವರೆಗೆ ನಾನು ಸ್ಕಾಟ್ಲೆಂಡಿನ ಶಾಸನಸಭೆಯಲ್ಲಿರುತ್ತೇನೆ. ದೇಹ ಮೈಸೂರಿನ ವರಾಂಡದಲ್ಲೇ ಇರುತ್ತದೆ, ಕೈಯಲ್ಲಿ ಕಾಫಿ ಲೋಟವೂ ಇರುತ್ತದೆ. ಕಣ್ಣು ಕಿವಿ ಮಾತ್ರ ಎಡಿನ್‌ಬರೊದಲ್ಲಿ. ಅಲ್ಲಿ ಆಗ ಸರಿಯಾಗಿ ಮಧ್ಯಾಹ್ನ ಹನ್ನೆರಡು. ನಾವು ಮುಖ್ಯಮಂತ್ರಿ ಎನ್ನುವವರನ್ನು ಅವರು ಫಸ್ಟ್ ಮಿನಿಸ್ಟರ್ ಎನ್ನುತ್ತಾರೆ. ಆ ಮಹಾಶಯರು ಎದ್ದು ನಿಂತು ಶಾಸಕರ ಪ್ರಶ್ನೆಗಳಿಗೆ ಉತ್ತರ ಕೊಡುವ, ಇಲ್ಲವೇ ಕೊಟ್ಟ ಹಾಗೆ ಮಾಡುವ, ಮುಕ್ಕಾಲು ಗಂಟೆ ಅದು. ಅಕ್ಟೋಬರ್ ಕೊನೆಗೆ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡರೆಂದರೆ ಈ ಪ್ರಸಂಗ ನಮಗೆ ಐದೂವರೆಗೆ ಜಾರುತ್ತದೆ. ಆಗ ವಾಕಿಂಗ್ ಗೆಳೆಯರಿಗೂ ನನಗೂ ಮನಸ್ತಾಪ. ಮಾರ್ಚ್ ಕೊನೆಯವರೆಗೆ ನನ್ನ ತೂಕ ಏರುವುದಕ್ಕೆ ಬ್ರಿಟಿಷ್ ಗಡಿಯಾರವೇ ಹೊಣೆ ಎಂದು ಡಾಕ್ಟರಿಗೆ ಹೇಳಿ ನೋಡಿದ್ದೇನೆ. ಅವರು ಒಪ್ಪಲಿಲ್ಲ.

“ಯಾರದೋ ಊರಿನ ಹಡಗು ತಡವಾದರೆ ನಿಮಗೇನ್ರೀ ಕಷ್ಟ?” ಎಂದು ಮನೆಯವಳು ಕೇಳುತ್ತಾಳೆ. ಪ್ರಶ್ನೆ ನ್ಯಾಯವಾದದ್ದೇ. ಹಡಗಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದು ಹೇಗೂ ತಡವಾಗಿ ಬರುವ ಹಡಗು, ನಾವೂ ತಡ ಮಾಡಿದರೆ ತಪ್ಪಿಲ್ಲ.

ಈ ಚಟ ಅಂಟಿದ್ದು ಒಂದು ಕೊಡೆಯ ದೆಸೆಯಿಂದ. ಮಗಳಿಗೆ ಎಡಿನ್‌ಬರೊದಲ್ಲಿ ನೌಕರಿ. ಹೆತ್ತವರು ಒಮ್ಮೆ ಹೋಗಿ ಬರಬೇಕಲ್ಲ, ಚಟ್ನಿಪುಡಿ ಹೊತ್ತು ಹೋದೆವು. ಹೊರಡುವ ಮುಂಚೆ ಇಲ್ಲೇ ಕೊಂಡ ಕೊಡೆಗೆ ಅಂಗಡಿಯವನು ಭಾರಿ ಭರವಸೆ ಕೊಟ್ಟಿದ್ದ. ಪಾಪ, ಅವನು ಭರವಸೆ ಕೊಟ್ಟದ್ದು ನಮ್ಮೂರಿನ ಮಳೆಯನ್ನು ನೋಡಿಕೊಂಡು. ಅಲ್ಲಿಯ ಮಳೆ ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ಬರುತ್ತದೆ. ರಾಯಲ್ ಮೈಲ್ ಎಂಬ ಹಳೆಯ ಬೀದಿಯ ಇಳಿಜಾರಿನಲ್ಲಿ ಒಂದು ಗಾಳಿ ಬೀಸಿತು ನೋಡಿ, ಕೊಡೆ ಒಳಹೊರಗಾಗಿ ಕಡ್ಡಿಗಳೆಲ್ಲ ಆಕಾಶ ನೋಡತೊಡಗಿದವು. ಬೀದಿ ಮುಗಿಯುವಲ್ಲಿ ಒಂದು ಕಡೆ ರಾಜರ ಹೋಲಿರೂಡ್ ಅರಮನೆ, ಎದುರುಗಡೆ ಶಾಸನಸಭೆ. ಅರಮನೆಗೆ ಟಿಕೆಟ್ಟು, ಸಭೆಗೆ ಪುಕ್ಕಟೆ. ಅರಮನೆ ನಮ್ಮೂರಲ್ಲೇ ಇದೆಯಲ್ಲ ಎಂದುಕೊಂಡು ಪ್ರಜಾಪ್ರಭುತ್ವದ ಕಡೆಗೆ ತಿರುಗಿದೆ. ಒಳಗೆ ಬೆಚ್ಚಗಿತ್ತು.

ಆ ಕಟ್ಟಡದ್ದೇ ಒಂದು ಪುರಾಣ. ಸ್ಕಾಟ್ಲೆಂಡಿಗೆ ಮೊದಲು ತನ್ನದೇ ಪಾರ್ಲಿಮೆಂಟ್ ಇತ್ತು. 1707ರಲ್ಲಿ ಇಂಗ್ಲೆಂಡಿನ ಜತೆ ಒಂದಾದಾಗ ಅದು ಮುಚ್ಚಿತು. ಸುಮಾರು ಮುನ್ನೂರು ವರ್ಷ ಲಂಡನ್ನೇ ಗತಿ. 1997ರ ಸೆಪ್ಟೆಂಬರ್‌ನಲ್ಲಿ ಜನಮತ ಕೇಳಿದಾಗ ನೂರಕ್ಕೆ 74ಕ್ಕೂ ಹೆಚ್ಚು ಮಂದಿ ನಮಗೊಂದು ಸಭೆ ಬೇಕು ಎಂದರು. 1999ರ ಮೇ ತಿಂಗಳಲ್ಲಿ ಮೊದಲ ಚುನಾವಣೆ ನಡೆಯಿತು. ಮೊದಲ ದಿನ ಹಿರಿಯ ಸದಸ್ಯೆ ವಿನ್ನಿ ಯೂಯಿಂಗ್ ಎದ್ದು, 1707ರಲ್ಲಿ ಮುಂದೂಡಿದ್ದ ಸಭೆ ಈಗ ಮತ್ತೆ ಸೇರಿದೆ ಎಂದು ಸಾರಿದರು. ಸಭೆ ಮುಂದೂಡುವುದನ್ನು ನಾವೂ ಬಲ್ಲೆವು, ಆದರೆ ಒಂದೇ ಏಟಿಗೆ 292 ವರ್ಷ ಮುಂದೂಡಿದ ದಾಖಲೆಯನ್ನು ಯಾರೂ ಮುರಿಯಲಾರರು.

ಸಭೆಯೇನೋ ಬಂತು, ಕೂರಲು ಮನೆ ಬೇಕಲ್ಲ. ಮೊದಮೊದಲು ಚರ್ಚಿನವರ ಸಭಾಂಗಣದಲ್ಲಿ ಕೂತರು. ಹೊಸ ಕಟ್ಟಡಕ್ಕೆ ಹತ್ತರಿಂದ ನಲವತ್ತು ದಶಲಕ್ಷ ಪೌಂಡ್ ಸಾಕು ಎಂಬುದು ಮೊದಲ ಅಂದಾಜು. ಮುಗಿದಾಗ ಲೆಕ್ಕ 414 ದಶಲಕ್ಷಕ್ಕೆ ಬಂದು ನಿಂತಿತ್ತು. ಹೇಳಿದ್ದಕ್ಕಿಂತ ಮೂರು ವರ್ಷ ತಡ ಬೇರೆ. ಮನೆ ಕಟ್ಟಿಸಿದವರೆಲ್ಲ ಇಲ್ಲಿ ಒಂದು ನಿಟ್ಟುಸಿರು ಬಿಡಬಹುದು. ವಿನ್ಯಾಸ ಮಾಡಿದ ಕ್ಯಾಟಲನ್ ವಾಸ್ತುಶಿಲ್ಪಿ ಎನ್ರಿಕ್ ಮಿರಾಯೆಸ್, ಅದರ ಬೆನ್ನಿಗೆ ನಿಂತ ಮೊದಲ ಫಸ್ಟ್ ಮಿನಿಸ್ಟರ್ ಡೊನಾಲ್ಡ್ ಡ್ಯೂವರ್ ಇಬ್ಬರೂ 2000ದಲ್ಲೇ ತೀರಿಕೊಂಡರು. ಮುಗಿದ ಕಟ್ಟಡವನ್ನು ನೋಡಲಿಲ್ಲ. 2004ರ ಅಕ್ಟೋಬರ್‌ನಲ್ಲಿ ರಾಣಿ ಬಂದು ಉದ್ಘಾಟಿಸಿದರು. ಮರುವರ್ಷ ಅದಕ್ಕೆ ಸ್ಟರ್ಲಿಂಗ್ ಪ್ರಶಸ್ತಿ ಸಿಕ್ಕಿತು. ಅದರ ಮರುವರ್ಷ, ಚರ್ಚೆ ನಡೆಯುತ್ತಿದ್ದಾಗಲೇ, ಚಾವಣಿಯ ಓಕ್ ತೊಲೆಯೊಂದು ಕೊಂಡಿ ಕಳಚಿ ಸದಸ್ಯರ ತಲೆಯ ಮೇಲೆ ನೇತಾಡಿತು. ಯಾರಿಗೂ ಏನೂ ಆಗಲಿಲ್ಲ. ಸಭೆ ಕೆಲವು ವಾರ ಗುಳೆ ಹೋಗಬೇಕಾಯಿತು, ಅಷ್ಟೇ. ಸರ್ಕಾರವನ್ನು ಪ್ರಶ್ನೆ ಕೇಳಲೆಂದು ಕಟ್ಟಿದ ಮನೆಯೇ ಎಷ್ಟೋ ಕಾಲ ಅಲ್ಲಿಯ ಮೊದಲ ಪ್ರಶ್ನೆಯಾಗಿತ್ತು.

ನಾನು ಹೋದದ್ದು ಬುಧವಾರ. ಅಂದು ಮಧ್ಯಾಹ್ನ ಖಾತೆವಾರು ಪ್ರಶ್ನೆಗಳು, ಅಂದರೆ ಒಂದೊಂದು ಸಲ ಒಂದೊಂದು ಇಲಾಖೆಯ ಮಂತ್ರಿಗೆ ಸರದಿ. ಗ್ಯಾಲರಿಯಲ್ಲಿ ಕೂತು ಕೆಳಗೆ ನೋಡಿದೆ. ಲಂಡನ್ನಿನಲ್ಲಿ ಆಡಳಿತ, ವಿರೋಧ ಎದುರುಬದುರು ಕೂರುತ್ತವೆ. ಇಲ್ಲಿ ಹಾಗೆ ಜಗಳ ಬೇಡ ಎಂದು ಅರ್ಧ ವರ್ತುಲದಲ್ಲಿ ಆಸನ ಹಾಕಿದ್ದಾರೆ. ಒಳ್ಳೆಯ ಆಲೋಚನೆ, ಆದರೆ ಜಗಳಕ್ಕೆ ಬೇಕಾದದ್ದು ಬಾಯಿ, ಕುರ್ಚಿಯ ದಿಕ್ಕಲ್ಲ ಎಂಬುದು ಐದು ನಿಮಿಷದಲ್ಲಿ ಗೊತ್ತಾಯಿತು. ಒಟ್ಟು 129 ಸದಸ್ಯರು. ಅಂದು ಬಂದಿದ್ದವರು ಕೆಲವೇ ಮಂದಿ. ಸದಸ್ಯೆಯೊಬ್ಬರು ಎದ್ದು, ತಮ್ಮ ಕ್ಷೇತ್ರದ ಒಂದು ಹಳ್ಳಿಗೆ ಸಂಜೆ ಬಸ್ಸು ನಿಂತುಹೋಗಿದೆ, ಮುದುಕರು ಡಾಕ್ಟರ ಬಳಿ ಹೋಗಿ ವಾಪಸು ಬರುವುದು ಹೇಗೆ ಎಂದು ಕೇಳಿದರು. ನಾನು ನೆಟ್ಟಗೆ ಕೂತೆ. ಮುನ್ನೂರು ವರ್ಷ ಕಾದು, ಅಷ್ಟೊಂದು ದುಡ್ಡು ಸುರಿದು ಕಟ್ಟಿಸಿದ ಸಭೆಯಲ್ಲಿ ಒಂದು ಸಂಜೆ ಬಸ್ಸಿನ ಮಾತು! ಮಂತ್ರಿಗಳು ಬರೆದುಕೊಂಡರು. ಕೊಡೆಯ ನೀರು ನನ್ನ ಷೂ ಒಳಗೆ ಇಳಿಯುತ್ತಿತ್ತು, ಏಳಲು ಮನಸ್ಸು ಬರಲಿಲ್ಲ.

ಆ ಸರ್ಕಾರಕ್ಕೆ ಎಲ್ಲ ಅಧಿಕಾರವೂ ಇಲ್ಲ. ಆಸ್ಪತ್ರೆ, ಶಾಲೆ, ಪೊಲೀಸ್, ನ್ಯಾಯಾಲಯ, ಸ್ಥಳೀಯ ಸಂಸ್ಥೆ, ರಸ್ತೆಗಳು ಎಡಿನ್‌ಬರೊದ್ದು. ರಕ್ಷಣೆ, ವಿದೇಶಾಂಗ, ವಲಸೆ ಮುಂತಾದವು ಲಂಡನ್ನಿನದು. ನಮ್ಮ ಸಂವಿಧಾನದಲ್ಲಿ ಕೇಂದ್ರಕ್ಕೊಂದು, ರಾಜ್ಯಕ್ಕೊಂದು, ಇಬ್ಬರಿಗೂ ಸೇರಿದ್ದೊಂದು ಎಂದು ಮೂರು ಪಟ್ಟಿಗಳಿವೆ. ಅವರ 1998ರ ಕಾಯ್ದೆಯಲ್ಲಿ ಲಂಡನ್ ಇಟ್ಟುಕೊಂಡದ್ದರ ಪಟ್ಟಿ ಮಾತ್ರ ಇದೆ. ಅದರಲ್ಲಿ ಇಲ್ಲದ್ದೆಲ್ಲ ಎಡಿನ್‌ಬರೊಗೆ. ಆ ಪಟ್ಟಿಯನ್ನು ಒಂದು ರಾತ್ರಿ ನಿದ್ದೆ ಬಾರದೆ ಓದಿದೆ. ಬಾಹ್ಯಾಕಾಶದ ಚಟುವಟಿಕೆಯನ್ನು ಲಂಡನ್ ಬಿಟ್ಟುಕೊಟ್ಟಿಲ್ಲ. ಬೇಸಿಗೆಯಲ್ಲಿ ಗಡಿಯಾರ ತಿರುಗಿಸುವುದನ್ನೂ ಬಿಟ್ಟುಕೊಟ್ಟಿಲ್ಲ! ಅಂದರೆ ನನ್ನ ವಾಕಿಂಗ್ ಕೆಡಿಸಿದ ಬಗ್ಗೆ ನಾನು ಎಡಿನ್‌ಬರೊದ ಮಂತ್ರಿಗಳನ್ನು ಕೇಳುವ ಹಾಗಿಲ್ಲ. ಅದು ತಮ್ಮ ವ್ಯಾಪ್ತಿಯಲ್ಲಿಲ್ಲ ಎಂದುಬಿಡುತ್ತಾರೆ.

ಗುರುವಾರದ ಮಾತಿಗೆ ಬರೋಣ. ಬಹಳ ವರ್ಷ ಅಲ್ಲೊಂದು ಚೆಂದದ ಪದ್ಧತಿ ಇತ್ತು. ವಿರೋಧ ಪಕ್ಷದ ನಾಯಕರು ಮೊದಲೇ ಬರೆದು ಕೊಡುವ ಪ್ರಶ್ನೆ, ಫಸ್ಟ್ ಮಿನಿಸ್ಟರಿಗೆ ಈ ದಿನ ಉಳಿದ ಹೊತ್ತಿನಲ್ಲಿ ಏನೇನು ಕಾರ್ಯಕ್ರಮಗಳಿವೆ ಎಂದಷ್ಟೇ ಇರುತ್ತಿತ್ತು. ಸರ್ಕಾರದ ಕೆಲಸ ಮುಂದುವರಿಸುವ ಸಭೆಗಳಿವೆ ಎಂದು ಅವರು ಗಂಭೀರವಾಗಿ ಉತ್ತರಿಸುತ್ತಿದ್ದರು. ನಿಜವಾದ ಈಟಿ ಬರುತ್ತಿದ್ದುದು ಉಪಪ್ರಶ್ನೆಯಲ್ಲಿ. ನಮ್ಮ ಕಡೆ ‘ಊಟ ಆಯ್ತಾ?’ ಎಂದು ಜಗಲಿ ಹತ್ತಿ ಕೂತು ಆಮೇಲೆ ನಿಧಾನಕ್ಕೆ ಹಳೇ ಸಾಲದ ಮಾತು ತೆಗೆಯುತ್ತೇವಲ್ಲ, ಹಾಗೆ. ಏನು ಕೇಳುತ್ತಾರೆಂದು ಮುಂಚೆ ತಿಳಿಯಬಾರದು ಎಂಬುದೇ ಅದರ ಗುಟ್ಟು. ಈಗ ಆ ಉಪಚಾರವನ್ನೂ ಬಿಟ್ಟು ನೇರ ಸಾಲಕ್ಕೇ ಕೈ ಹಾಕುತ್ತಾರೆ. ನನ್ನ ಮಟ್ಟಿಗೆ ಸ್ವಲ್ಪ ನಷ್ಟವೇ.

ಉತ್ತರಗಳಲ್ಲಿ ನಾಲ್ಕು ಜಾತಿ ಎಂಬುದು ನನ್ನ ಸ್ವಂತ ಸಂಶೋಧನೆ. ಮೊದಲನೆಯದು ಕೃತಜ್ಞತೆಯ ಉತ್ತರ: ಇಂಥ ಮಹತ್ವದ ವಿಷಯ ಎತ್ತಿದ್ದಕ್ಕೆ ಸದಸ್ಯರಿಗೆ ವಂದನೆ ಹೇಳಿ, ಬೇರೆ ವಿಷಯ ಮಾತಾಡುವುದು. ಎರಡನೆಯದು ನೆರೆಮನೆಯ ಉತ್ತರ: ನಮ್ಮ ಆಸ್ಪತ್ರೆಯಲ್ಲಿ ಕಾಯುವವರು ಹೆಚ್ಚಿರಬಹುದು, ಇಂಗ್ಲೆಂಡಿನ ಕಥೆ ನೋಡಿ. ಮೂರನೆಯದು ಬೊಕ್ಕಸದ ಉತ್ತರ: ದುಡ್ಡು ಲಂಡನ್ನಿನಿಂದ ಬರಬೇಕು, ಬರುತ್ತಿಲ್ಲ. ಆ ದುಡ್ಡನ್ನು ಅಳೆದು ಕೊಡುವ ಸೂತ್ರಕ್ಕೆ ಬಾರ್ನೆಟ್ ಸೂತ್ರ ಎಂದು ಹೆಸರು. ಜೋಯೆಲ್ ಬಾರ್ನೆಟ್ ಎಂಬ ಮಂತ್ರಿಗಳು ಎಪ್ಪತ್ತರ ದಶಕದ ಕೊನೆಯಲ್ಲಿ ತಾತ್ಕಾಲಿಕವೆಂದು ಹಾಕಿದ್ದು ಇನ್ನೂ ನಡೆದುಕೊಂಡು ಬಂದಿದೆ. ಕೇಂದ್ರದ ಪಾಲಿನ ಜಗಳ ಕೇಳಿ ಬೆಳೆದ ಕನ್ನಡಿಗನಿಗೆ ಈ ರಾಗ ಹೊಸದಲ್ಲ, ತಾಳ ಹಾಕುತ್ತಾ ಕೇಳಬಹುದು. ನಾಲ್ಕನೆಯದು, ಸಂಬಂಧಪಟ್ಟ ಮಂತ್ರಿಗಳು ಸದಸ್ಯರನ್ನು ಭೇಟಿ ಮಾಡುತ್ತಾರೆ ಎಂಬುದು. ಕೇಳಲು ಸಪ್ಪೆಯಾದರೂ ನಾಲ್ಕರಲ್ಲಿ ಕೆಲಸಕ್ಕೆ ಬರುವುದು ಇದೊಂದೇ ಎಂದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ವಿರೋಧ ಪಕ್ಷದವರ ನಡುವೆ ಆಡಳಿತ ಪಕ್ಷದ ಹಿಂದಿನ ಸಾಲಿನವರೂ ಪ್ರಶ್ನೆ ಕೇಳುತ್ತಾರೆ. ನಮ್ಮ ಸರ್ಕಾರ ಮಾಡಿದ ಇಂಥ ಒಳ್ಳೆಯ ಕೆಲಸವನ್ನು ಫಸ್ಟ್ ಮಿನಿಸ್ಟರ್ ನನ್ನೊಡನೆ ಸ್ವಾಗತಿಸುವರೇ? ಆಗ ನಾನು ಕಾಫಿ ಎರಡನೇ ಸಲ ಹಾಕಿಸಿಕೊಳ್ಳಲು ಒಳಗೆ ಹೋಗಿ ಬರುತ್ತೇನೆ. ಸ್ವಾಗತಿಸುತ್ತಾರೆ ಎಂಬ ಬಗ್ಗೆ ಆತಂಕವಿಲ್ಲ.

ಈಗ ಹಡಗು. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ದ್ವೀಪಗಳಿಗೆ ಹಡಗೇ ಬಸ್ಸು. ಆಸ್ಪತ್ರೆ, ಅಂಗಡಿ ಸಾಮಾನು, ಮದುವೆ, ಮಣ್ಣು, ಎಲ್ಲಕ್ಕೂ ಅದೇ. ಎರಡು ಹೊಸ ಹಡಗು ಕಟ್ಟಲು ಪೋರ್ಟ್ ಗ್ಲ್ಯಾಸ್ಗೊದ ಫರ್ಗ್ಯೂಸನ್ ಕಾರ್ಖಾನೆಗೆ 2015ರಲ್ಲಿ 97 ದಶಲಕ್ಷ ಪೌಂಡಿಗೆ ಕೆಲಸ ಒಪ್ಪಿಸಿದರು. 2018ರಲ್ಲಿ ಎರಡೂ ಓಡಾಡಬೇಕಿತ್ತು. 2017ರ ನವೆಂಬರ್‌ನಲ್ಲಿ ಆಗಿನ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ಮೊದಲ ಹಡಗು ‘ಗ್ಲೆನ್ ಸ್ಯಾನಕ್ಸ್’ ಅನ್ನು ನೀರಿಗೆ ಬಿಟ್ಟರು. ಫೋಟೋ ಚೆನ್ನಾಗಿ ಬಂತು. ಆಮೇಲೆ ತಿಳಿಯಿತು, ಮುಂಭಾಗದ ಕಿಟಕಿಗಳು ಕಿಟಕಿಗಳೇ ಅಲ್ಲ, ಕಬ್ಬಿಣದ ಮೇಲೆ ಬಳಿದ ಬಣ್ಣ! ಸಮಾರಂಭದ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಮುಗಿಸುವ ಕಲೆ ನಮ್ಮಲ್ಲೇ ಹುಟ್ಟಿದ್ದು ಎಂದು ಇಷ್ಟು ದಿನ ಹೆಮ್ಮೆಪಟ್ಟುಕೊಂಡಿದ್ದೆ, ಆ ಹೆಮ್ಮೆ ಮುರಿಯಿತು.

ಅಲ್ಲಿಂದ ಶುರುವಾಯಿತು ಪ್ರಶ್ನೆಗಳ ಸರಮಾಲೆ. ಹಡಗು ಬಂತೇ? ಮುಂದಿನ ವರ್ಷ. ಬಂತೇ? ಕಾರ್ಖಾನೆ ದಿವಾಳಿ, 2019ರಲ್ಲಿ ಸರ್ಕಾರವೇ ಕೊಂಡಿತು. ಈಗಲಾದರೂ? ಹಾಕಿದ್ದ ಕೇಬಲ್‌ಗಳಲ್ಲಿ ಎಷ್ಟೋ ಉದ್ದ ಸಾಲದೆ ಮತ್ತೆ ಎಳೆಯಬೇಕಾಯಿತು. 2022ರಲ್ಲಿ ಲೆಕ್ಕ ಪರಿಶೋಧಕರ ವರದಿ ಬಂತು, ಸದನ ಸಮಿತಿಗಳು ಕೂತವು. 2023ರ ಜೂನಿನಲ್ಲಿ ಸೌತ್ ಯೂಇಸ್ಟ್ ದ್ವೀಪದ ಹಡಗನ್ನು ಬೇರೆ ಕಡೆಗೆ ತೆಗೆದಾಗ ಅಲ್ಲಿಯ ಜನ ಬಂದರಿನಲ್ಲೇ ಸೇರಿ ಪ್ರತಿಭಟಿಸಿದರು. ಕೊನೆಗೆ ‘ಗ್ಲೆನ್ ಸ್ಯಾನಕ್ಸ್’ ಪ್ರಯಾಣಿಕರನ್ನು ಹತ್ತಿಸಿಕೊಂಡು ಆರನ್ ದ್ವೀಪಕ್ಕೆ ಹೊರಟದ್ದು 2025ರ ಜನವರಿಯಲ್ಲಿ. ಅಷ್ಟರಲ್ಲಿ ಎರಡರ ಖರ್ಚೂ ಸೇರಿ ಮೊದಲ ಲೆಕ್ಕದ ನಾಲ್ಕು ಪಟ್ಟು ದಾಟಿತ್ತು. ಇಷ್ಟಾದ ಮೇಲೆ ಇನ್ನೊಂದು ತಮಾಷೆ: ಮಾಮೂಲು ಬಂದರಾದ ಆರ್ಡ್ರೊಸನ್ನಿನಲ್ಲಿ ಈ ದೊಡ್ಡ ಹಡಗು ನಿಲ್ಲಲು ಆಗದೆ ಟ್ರೂನ್ ಎಂಬ ಇನ್ನೊಂದು ಊರಿನಿಂದ ಹೊರಡಬೇಕಾಯಿತು. ಈ ಏಳು ವರ್ಷದಲ್ಲಿ ಮೂವರು ಫಸ್ಟ್ ಮಿನಿಸ್ಟರುಗಳು ಆ ಒಂದೇ ಪ್ರಶ್ನೆಗೆ ಎದ್ದು ನಿಂತರು.

ಮನೆಯವಳ ಪ್ರಶ್ನೆಗೆ ಇಲ್ಲಿ ನನ್ನ ಉತ್ತರವಿದೆ. ಕೇಳಿದ್ದರಿಂದ ಹಡಗು ಒಂದು ದಿನವೂ ಬೇಗ ಬಂದಿರಲಿಕ್ಕಿಲ್ಲ. ಆದರೆ ಅದು ತಡವಾದದ್ದನ್ನು ಮರೆಯಲು ಯಾರಿಗೂ ಬಿಡಲಿಲ್ಲ. ಮರೆವು ಎಂಬುದು ಸರ್ಕಾರಗಳಿಗೆ ದೇವರು ಕೊಟ್ಟ ವರ. ಗುರುವಾರದ ಪ್ರಶ್ನೆ ಆ ವರವನ್ನು ಕಿತ್ತುಕೊಳ್ಳುತ್ತದೆ.

ಕೇಳುವವರೂ ಜೋಪಾನವಾಗಿರಬೇಕು, ಅದು ಬೇರೆ ಮಾತು. 2001ರಲ್ಲಿ ಫಸ್ಟ್ ಮಿನಿಸ್ಟರ್ ಹೆನ್ರಿ ಮೆಕ್ಲೀಶ್ ತಮ್ಮ ಕ್ಷೇತ್ರದ ಕಚೇರಿಯನ್ನು ಒಳಬಾಡಿಗೆಗೆ ಕೊಟ್ಟ ಲೆಕ್ಕದಲ್ಲಿ ಸಿಕ್ಕಿಬಿದ್ದರು. ಕನ್ಸರ್ವೇಟಿವ್ ನಾಯಕ ಡೇವಿಡ್ ಮೆಕ್ಲೆಚಿ ಬಿಡದೆ ಬೆನ್ನು ಹತ್ತಿದರು. ಮೆಕ್ಲೀಶ್ ರಾಜೀನಾಮೆ ಕೊಟ್ಟರು. ನಾಲ್ಕೇ ವರ್ಷಕ್ಕೆ ಮೆಕ್ಲೆಚಿಯವರ ಟ್ಯಾಕ್ಸಿ ಬಿಲ್ಲುಗಳನ್ನು ಯಾರೋ ಬಿಡಿಸಿ ನೋಡಿದರು, ಅವರೂ ನಾಯಕತ್ವ ಬಿಟ್ಟರು. ಆ ಗಲಾಟೆಯ ಫಲವಾಗಿ ಶಾಸಕರ ಖರ್ಚಿನ ಲೆಕ್ಕಗಳೆಲ್ಲ ಸಾರ್ವಜನಿಕರ ಕಣ್ಣಿಗೆ ಬಿದ್ದವು.

ಅದೇ ಲೆಕ್ಕ 2023ರಲ್ಲಿ ಇನ್ನೊಬ್ಬರನ್ನು ಹಿಡಿಯಿತು. ಆರೋಗ್ಯ ಮಂತ್ರಿ ಮೈಕೆಲ್ ಮ್ಯಾಥಿಸನ್ ಮೊರಾಕ್ಕೊಗೆ ಸಂಸಾರಸಮೇತ ರಜೆಗೆ ಹೋಗಿದ್ದಾಗ ಶಾಸನಸಭೆ ಕೊಟ್ಟ ಐಪ್ಯಾಡ್‌ಗೆ ಹತ್ತಿರ ಹತ್ತಿರ 11,000 ಪೌಂಡ್ ರೋಮಿಂಗ್ ಬಿಲ್ ಬಂದಿತ್ತು. ಕ್ಷೇತ್ರದ ಕೆಲಸ ಎಂದರು ಮೊದಲು. ಕೊನೆಗೆ ಹೊರಬಿದ್ದದ್ದು, ಮಕ್ಕಳು ಅದರಿಂದ ಇಂಟರ್‌ನೆಟ್ ಪಡೆದು ಫುಟ್‌ಬಾಲ್ ನೋಡಿದ್ದರು. ದುಡ್ಡು ಪೂರ್ತಿ ಕಟ್ಟಿದರು. ಆದರೂ 2024ರ ಫೆಬ್ರವರಿಯಲ್ಲಿ ಖಾತೆ ಹೋಯಿತು, ಮೇ ತಿಂಗಳಲ್ಲಿ 27 ದಿನಗಳ ಕಲಾಪದಿಂದ ಸದನ ಅವರನ್ನು ಹೊರಗಿಟ್ಟಿತು. ಈ ವಿಷಯ ಕೇಳಿದ ಮೇಲೆ ನಾನು ಮೊಮ್ಮಗನ ಕೈಗೆ ಫೋನು ಕೊಡುವಾಗ ಒಂದು ಕ್ಷಣ ಯೋಚಿಸುತ್ತೇನೆ.

ಹಾಗೆಂದು ಪ್ರಶ್ನೆಗಳೆಲ್ಲ ಕುರ್ಚಿ ಉರುಳಿಸಲಿಕ್ಕೇ ಎಂದುಕೊಳ್ಳಬೇಡಿ. 2016ರಲ್ಲಿ ಆಯ್ಕೆಯಾಗಿ ಬಂದ ಮೋನಿಕಾ ಲೆನನ್ ಎಂಬ ಲೇಬರ್ ಪಕ್ಷದ ಶಾಸಕಿ, ಮುಟ್ಟಿನ ದಿನಗಳಲ್ಲಿ ಪ್ಯಾಡ್ ಕೊಳ್ಳಲು ಕಾಸಿಲ್ಲದ ಹೆಣ್ಣುಮಕ್ಕಳ ವಿಷಯ ಹಿಡಿದು ಕೂತರು. ಇಂಥದ್ದನ್ನು ಸದನದಲ್ಲಿ ಎತ್ತುವುದೇ ಎಂದು ಮುಖ ತಿರುಗಿಸುವವರಿದ್ದ ವಿಷಯ. ಸರ್ಕಾರ ಮೊದಲು ಖರ್ಚಿನ ಮಾತು ತೆಗೆದು ಹಿಂದೆ ಸರಿಯಿತು, ಆಮೇಲೆ ಒಪ್ಪಿತು. 2020ರ ನವೆಂಬರ್‌ನಲ್ಲಿ ಸದನ ಒಮ್ಮತದಿಂದ ಕಾಯ್ದೆ ಮಾಡಿತು. ಬೇಕಾದವರಿಗೆಲ್ಲ ಅದನ್ನು ಉಚಿತವಾಗಿ ಒದಗಿಸಬೇಕೆಂದು ಕಾನೂನು ಮಾಡಿದ ಜಗತ್ತಿನ ಮೊದಲ ನಾಡು ಸ್ಕಾಟ್ಲೆಂಡ್. ವಿರೋಧ ಪಕ್ಷದ ಬೆಂಚಿನಲ್ಲಿ ಕೂತ ಒಬ್ಬ ಸದಸ್ಯೆ ಇಷ್ಟನ್ನು ಮಾಡಿಸಬಲ್ಲರು.

ಇನ್ನೊಂದೆಡೆ, ಕಾಯ್ದೆ ಮಾಡಿದ ಮಾತ್ರಕ್ಕೆ ಕೆಲಸವಾಗುವುದಿಲ್ಲ ಎಂಬುದಕ್ಕೂ ಅಲ್ಲೇ ಸಾಕ್ಷಿಯಿದೆ. ಶಸ್ತ್ರಚಿಕಿತ್ಸೆ ನಿಶ್ಚಯವಾದ ರೋಗಿಗೆ 12 ವಾರದೊಳಗೆ ಅದು ಆಗಬೇಕು ಎಂದು 2011ರ ಕಾಯ್ದೆ ಹೇಳುತ್ತದೆ. ವರ್ಷ ಮೀರಿ ಕಾದವರ ಪತ್ರಗಳನ್ನು ಶಾಸಕರು ಸದನದಲ್ಲಿ ಓದುತ್ತಲೇ ಇರುತ್ತಾರೆ. ಆಸ್ಪತ್ರೆಗಳಿಗೆ ಕಾಯ್ದೆ ಓದಲು ಪುರುಸೊತ್ತಿಲ್ಲವೋ ಏನೋ. ಅಂಥ ಪತ್ರ ಓದುವಾಗ ಮಾತ್ರ ಆ ಗದ್ದಲದ ಸಭೆ ಗಪ್‌ಚುಪ್ಪಾಗುತ್ತದೆ. ಸೊಂಟದ ಮೂಳೆ ಬದಲಾವಣೆಗೆ ಕಾಯುತ್ತಿರುವ ಮುದುಕಿಯ ಮಾತಿಗೆ ಇಂಗ್ಲೆಂಡಿನ ಅಂಕಿಅಂಶ ಉತ್ತರವಾಗುವುದಿಲ್ಲ ಎಂಬುದು ಫಸ್ಟ್ ಮಿನಿಸ್ಟರಿಗೂ ಗೊತ್ತು.

ಅವರ ಮುಂದೆ ಒಂದು ದಪ್ಪ ಫೈಲು ಇರುತ್ತದೆ, ಬಣ್ಣಬಣ್ಣದ ಚೀಟಿ ಅಂಟಿಸಿದ್ದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಗುರುವಾರ ಏನು ಕೇಳಿಯಾರೋ ಎಂಬ ಭಯಕ್ಕೆ ಬುಧವಾರ ರಾತ್ರಿ ಯಾರೋ ಅಧಿಕಾರಿ ಆ ಹಳ್ಳಿಯ ಸಂಜೆ ಬಸ್ಸು ಏಕೆ ನಿಂತಿತು ಎಂದು ಫೋನು ಮಾಡಿ ವಿಚಾರಿಸಿರುತ್ತಾನೆ. ಕೇಳಿದ ಪ್ರಶ್ನೆಗೆ ಉತ್ತರ ಬಾರದಿರಬಹುದು. ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಒಂದು ರಾತ್ರಿ ಮುಂಚೆ ಉತ್ತರ ಹುಡುಕಿರುತ್ತಾರೆ. ಸರ್ಕಾರ ನಡೆಯುವುದು ಆ ರಾತ್ರಿಯಲ್ಲಿ.

ನಮ್ಮ ವಿಧಾನಸೌಧದಲ್ಲೂ ಇದೆಲ್ಲ ಇದೆ. ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಇಲ್ಲದ ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆ. 224 ಜನ ಶಾಸಕರು. ಗದ್ದಲದಲ್ಲಿ ಪ್ರಶ್ನೋತ್ತರ ಅವಧಿ ಕೊಚ್ಚಿಹೋದ ದಿನವೂ ಲಿಖಿತ ಉತ್ತರಗಳನ್ನು ಮಂಡಿಸಿರುತ್ತಾರೆ, ವಿಧಾನಸಭೆಯ ಜಾಲತಾಣದಲ್ಲಿ ಓದಲು ಸಿಗುತ್ತವೆ, ಅದೂ ಕನ್ನಡದಲ್ಲಿ. ನಾನು ಈಗೀಗ ಅವನ್ನೂ ತೆರೆದು ನೋಡುತ್ತಿದ್ದೇನೆ. ಯಾವುದೋ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ, ಯಾವುದೋ ಕೆರೆಯ ಹೂಳು, ಖಾಲಿ ಬಿದ್ದ ಮೇಷ್ಟರ ಹುದ್ದೆ. ಕಾದಂಬರಿಗಿಂತ ಚೆನ್ನಾಗಿವೆ.

ಆದ್ದರಿಂದ ಒಂದು ವಿನಂತಿ. ನಿಮ್ಮ ಶಾಸಕರು ಮದುವೆಗೋ ಗೃಹಪ್ರವೇಶಕ್ಕೋ ಬಂದೇ ಬರುತ್ತಾರೆ. ಫೋಟೋ ತೆಗೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ತೆಗೆಸಿಕೊಂಡಾದ ಮೇಲೆ, ಕಳೆದ ಅಧಿವೇಶನದಲ್ಲಿ ನಮ್ಮ ಊರಿನ ಬಗ್ಗೆ ಏನು ಪ್ರಶ್ನೆ ಕೇಳಿದಿರಿ ಸ್ವಾಮಿ ಎಂದು ಮೆಲ್ಲಗೆ ಕೇಳಿ. ಅವರಿಗೆ ಉತ್ತರ ಹೊಳೆಯದಿದ್ದರೂ ಚಿಂತೆಯಿಲ್ಲ, ಮುಂದಿನ ಮದುವೆಯಲ್ಲಿ ಸಿಕ್ಕಾಗ ಮತ್ತೆ ಕೇಳಿ.